ಐದು ದಿನದ ಸೊನ್ನೆ

ಪಟ್ಟಿಯಲ್ಲಿ ಸೊನ್ನೆ ಬರೆಯಬೇಕೆಂದರೆ ನನ್ನ ಕೈ ಹಿಂಜರಿಯುತ್ತದೆ. ನರ್ಸ್ ಕೆಲಸದಲ್ಲಿ ಇಡೀ ಆಯುಷ್ಯ ಕಳೆದವಳು ನಾನು. ಚುಚ್ಚುಮದ್ದು, ಹೆರಿಗೆ, ಸಾವು, ಎಲ್ಲಕ್ಕೂ ಪಟ್ಟಿ ಬರೆದಿದ್ದೇನೆ. ಯಾವುದಾದರೂ ಊರಿನ ಮುಂದೆ ಸೊನ್ನೆ ಬಂದರೆ ಸುಮ್ಮನೆ ಒಪ್ಪಿಕೊಳ್ಳದೆ ಆ ಊರಿಗೆ ಇನ್ನೊಮ್ಮೆ ಹೋಗಿ ಬರುತ್ತಿದ್ದೆ. ಜೊತೆಗೆ ಕೆಲಸ ಮಾಡುವವರು, ‘ಈಕಿಗೆ ಯಾರರ ಸತ್ತಾರ ಅಂದ್ರ ಸಮಾಧಾನ ನೋಡ್ರಿ’ ಅಂತ ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಕಾರಣವನ್ನು ಮಾತ್ರ ಅವರಿಗೆ ಹೇಳಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಬಳ್ಳಾರಿಯಲ್ಲಿ ತರಬೇತಿ ಮುಗಿಸಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಗೆ ಬಂದು ಸೇರಿದ್ದೆ. ಇಪ್ಪತ್ತೆರಡು ವರ್ಷ, ಮೈಮೇಲೆ ಬಿಳಿ ಸೀರೆ, ಕೈಗೆ ಗಡಿಯಾರ, ಬಾಯಿಗೆ ಬೀಗವಿಲ್ಲ. ಕೊಟ್ಟೂರಿನ ಹತ್ತಿರದ ಕೂಲಿಯವರ ಮನೆಯ ಹುಡುಗಿ ಸಿಸ್ಟರ್ ಅನ್ನಿಸಿಕೊಂಡಿದ್ದೇ ದೊಡ್ಡದು, ಅದರ ಮೇಲೆ ಲೆಕ್ಕದಲ್ಲಿ ಜಾಣೆ ಎಂಬ ಹೆಸರು ಬೇರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲೂ ರಾತ್ರಿ ಹಿಡಿದೇ ಇದ್ದೆ.

ಆ ಕೊಡೆಯನ್ನು ನನ್ನ ಕೈಗೆ ಕೊಟ್ಟವಳು ಅಕ್ಕ. ಅವ್ವ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು. ಅವಳು ಶಾಲೆ ಬಿಟ್ಟು ಕಳೆ ಕೀಳಲು ಹೋದಳು, ನನ್ನನ್ನು ಶಾಲೆಗೆ ಕಳಿಸಿದಳು. ಹಂಪಸಾಗರದ ಕಡೆಯ ಒಂದು ಹೊಳೆದಂಡೆಯ ಊರಿಗೆ ಅವಳನ್ನು ಕೊಟ್ಟ ಮೇಲೂ ನನ್ನ ಚಿಂತೆ ಅವಳಿಗೇ. ನನಗೆ ಅಲ್ಲಿಗೆ ಹತ್ತಿರವೇ ಕೆಲಸ ಸಿಕ್ಕಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದಳು: ‘ದವಾಖಾನಿ ಈಗ ನಮ್ಮ ತಂಗೀನ ನಡಸಾಕಿ.’ ದವಾಖಾನೆಯಲ್ಲಿ ನನಗಿಂತ ಮೇಲೆ ಡಾಕ್ಟರು, ಕಂಪೌಂಡರು ಎಲ್ಲ ಇದ್ದಾರೆ ಅಂದರೆ ಅವಳು ಕೇಳಬೇಕಲ್ಲ.

ಆ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ವಾರಕ್ಕೇ ಅಕ್ಕನ ಊರಿಗೆ ವಾಂತಿಭೇದಿ ಹತ್ತಿತು. ಕಾಯಿಲೆಯ ನಿಜವಾದ ಹೆಸರು ಎಲ್ಲರಿಗೂ ಗೊತ್ತಿತ್ತು, ಆದರೆ ಪಟ್ಟಿಯಲ್ಲಿ ‘ಕಾಲರಾ’ ಎಂದು ಬರೆಯಬಾರದೆಂದು ಮೇಲಿನಿಂದ ಬಾಯಿಮಾತಿನ ಅಪ್ಪಣೆಯಾಗಿತ್ತು. ವಾಂತಿಭೇದಿ ಎಂದು ಬರೆದರೆ ಸತ್ತವರು ಎದ್ದು ಬರುತ್ತಾರೇನೋ ಎಂಬಂತೆ ನಾವೂ ಹಾಗೇ ಬರೆದೆವು. ಊರಿನ ಶಾಲೆಯಲ್ಲಿ ನಾಲ್ಕು ಮಂಚ ಹಾಕಿ, ಸಲೈನ್ ಬಾಟಲಿಯ ಪೆಟ್ಟಿಗೆ ಇಳಿಸಿ ಕ್ಯಾಂಪ್ ಮಾಡಿದೆವು. ಬೆಳಿಗ್ಗೆ ಊರಿನ ತಳವಾರ ಬಂದು ಹಿಂದಿನ ದಿನ ಯಾರು ಯಾರು ಹೋದರೆಂದು ಹೇಳುತ್ತಿದ್ದ. ನಾನು ಚೌಕಳಿ ಹಾಳೆಯ ಮೇಲೆ ದಿನಕ್ಕೊಂದು ಕೆಂಪು ಚುಕ್ಕೆ ಇಟ್ಟು, ಚುಕ್ಕೆಗಳನ್ನು ಗೆರೆಯಿಂದ ಕೂಡಿಸುತ್ತಿದ್ದೆ. ಮೊದಲ ದಿನ ಇಬ್ಬರು, ಮರುದಿನ ನಾಲ್ವರು, ಅದರ ಮರುದಿನ ಐವರು. ಗೆರೆ ಏರುತ್ತಲೇ ಇತ್ತು. ಅದನ್ನು ಶಾಲೆಯ ಗೋಡೆಗೆ ಅಂಟಿಸಿದ್ದೆ, ಬಂದ ಸಾಹೇಬರೆಲ್ಲ ರೋಗಿಗಳಿಗಿಂತ ಮೊದಲು ಅದನ್ನೇ ನೋಡುತ್ತಿದ್ದರು.

ವಾದ ಶುರುವಾದದ್ದು ಅಲ್ಲಿಂದಲೇ. ನಮ್ಮ ಡಾಕ್ಟರು ಮೈಸೂರಿನ ಕಡೆಯವರು, ಒಳ್ಳೆಯವರು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಸುತ್ತಲಿನ ಸಂತೆಗಳನ್ನು ನಿಲ್ಲಿಸಬೇಕು ಅಂದರು. ಕಂದಾಯದ ಸಾಹೇಬರು ನನ್ನ ಗೆರೆಯನ್ನು ದಿಟ್ಟಿಸಿ, ‘ಎಷ್ಟು ಮಂದಿ ಸತ್ರ ಸಂತಿ ನಿಲ್ಲಸಬೇಕು ಅಂತ ಆರ್ಡರ್ ಏನರ ಐತೇನ್ರಿ ಡಾಕ್ಟ್ರೇ?’ ಎಂದು ಕೇಳಿದರು. ಅವರು ಕುಹಕ ಮಾಡುತ್ತಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಅಂಥ ಆರ್ಡರ್ ಯಾವುದೂ ಇರಲಿಲ್ಲ. ಸಂತೆ ನಡೆಯಿತು.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಊರಿನ ಹೆಂಗಸರು ಬಿಡಲಿಲ್ಲ. ಪುಡಿಯ ನಾತಕ್ಕೆ ದನ ಸಹ ನೀರು ಮುಟ್ಟುವುದಿಲ್ಲ ಅನ್ನುವುದು ಅವರ ದೂರು. ಅವರಿಗೆ ಬೇಕಿದ್ದದ್ದು ಅಜ್ಜಿಯನ್ನು ಕಳಿಸುವುದು. ನಮ್ಮ ಕಡೆ ಈ ಬಗೆಯ ಬೇನೆ ತರುವ ದೇವತೆಗೆ ಅಜ್ಜಿ ಅನ್ನುತ್ತಾರೆ. ಹಳೆಯ ಮೊರದಲ್ಲಿ ಬೇವಿನ ಸೊಪ್ಪು, ಬಳೆಚೂರು, ಅರಿಶಿನ ಕುಂಕುಮ, ಹೋಳಿಗೆ ಇಟ್ಟು, ಅದನ್ನು ಹೊತ್ತು ಊರಿನ ಗಡಿ ದಾಟಿಸಿ ಬರುತ್ತಾರೆ. ಅಂದರೆ ಪಕ್ಕದ ಊರಿನ ಗಡಿಗೆ ಇಟ್ಟು ಬರುತ್ತಾರೆ. ಆ ಊರಿನವರು ಅದನ್ನು ಮುಂದಿನ ಊರಿಗೆ ದಾಟಿಸಿಕೊಳ್ಳಬೇಕು. ಹೀಗೆ ಜನ ಸೇರಿ ಹೋಳಿಗೆ ಹಂಚಿದರೆ ರೋಗ ಇನ್ನೂ ಹಬ್ಬುತ್ತದೆಂದು ಡಾಕ್ಟರು ಪೊಲೀಸರನ್ನು ಕರೆಸುವ ಮಾತಾಡಿದರು.

ನಾನು ಬೇಡವೆಂದೆ. ಅಕ್ಕನನ್ನು ಮುಂದೆ ಮಾಡಿಕೊಂಡು ಹೆಂಗಸರ ಜೊತೆ ಒಪ್ಪಂದಕ್ಕೆ ಕುಳಿತೆ. ನೀವು ನಮ್ಮ ಪುಡಿಗೆ ಬಿಡಿ, ನಾವು ನಿಮ್ಮ ಅಜ್ಜಿಗೆ ಬಿಡುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನನ್ನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅಕ್ಕ ಒಬ್ಬೊಬ್ಬರ ಗಲ್ಲ ಹಿಡಿದು ಒಪ್ಪಿಸಿದಳು. ಬೆಳಿಗ್ಗೆ ಬಾವಿಗೆ ಪುಡಿ ಬಿತ್ತು. ಅದೇ ದಿನ ಇಳಿಹೊತ್ತಿಗೆ ಅಜ್ಜಿ ಗಡಿ ದಾಟಿದಳು.

ಮರುದಿನ ಬೆಳಿಗ್ಗೆ ತಳವಾರ ಬಂದು ಬಾಗಿಲ ಹೊರಗೇ ನಿಂತ. ‘ಯಾರು ಹೋದ್ರು?’ ಅಂದೆ. ‘ಯಾರೂ ಇಲ್ಲವ್ವ. ಎಲ್ಲಾ ಚೊಲೊ ಐತಿ,’ ಅಂದ. ಮಂಚಕ್ಕೆ ಹೊಸಬರೂ ಬರಲಿಲ್ಲ. ಇದ್ದವರನ್ನೂ ಮನೆಯವರು ಎಬ್ಬಿಸಿಕೊಂಡು ಹೋದರು, ‘ಆರಾಮಾತ್ರಿ’ ಅಂದರು. ಹಾಳೆಯ ಮೇಲಿನ ಗೆರೆ ಒಮ್ಮೆಗೇ ಐದರಿಂದ ತಳಕ್ಕೆ ಇಳಿಯಿತು. ಎರಡನೆಯ ದಿನವೂ ಸೊನ್ನೆ, ಮೂರನೆಯ ದಿನವೂ ಸೊನ್ನೆ. ಬ್ಲೀಚಿಂಗ್ ಪುಡಿ ಗೆದ್ದಿತೆಂದು ಡಾಕ್ಟರು ಜಿಲ್ಲೆಗೆ ವರದಿ ಬರೆಸಿದರು. ಅಜ್ಜಿ ಒಲಿದಳೆಂದು ಹೆಂಗಸರು ಅಂದುಕೊಂಡಿರಬೇಕೆಂದು ನಾನು ಮನಸ್ಸಿನಲ್ಲೇ ನಕ್ಕೆ. ಆ ವರದಿಯ ಅಕ್ಷರ ನನ್ನವು.

ಇಲ್ಲಿ ಒಂದು ಮಾತು ಹೇಳಲೇಬೇಕು, ಅಂದು ನಾನು ನನಗೇ ಹೇಳಿಕೊಳ್ಳದ ಮಾತು. ಅಜ್ಜಿಯನ್ನು ಕಳಿಸಿದ ಮೇಲೆ ಐದು ದಿನ ಊರಿನಲ್ಲಿ ಯಾರೂ ಬೇನೆಯ ಸುದ್ದಿ ಎತ್ತಬಾರದು. ಯಾರು ಬಿದ್ದರು, ಯಾರು ಹೋದರು ಎಂದು ಹೇಳಬಾರದು. ಸತ್ತರೆ ಅಳದೆ ಮಣ್ಣು ಮಾಡಬೇಕು. ಬೇನೆಯ ಮಾತು ಕಿವಿಗೆ ಬಿದ್ದರೆ ಯಾರೋ ಕರೆದರೆಂದು ಅಜ್ಜಿ ಹೊರಳಿ ಬರುತ್ತಾಳೆ. ಇದನ್ನು ನನಗೆ ಯಾರೂ ಓದಿಸಿರಲಿಲ್ಲ, ಅನುಭವಿಸಿ ಕಲಿತಿದ್ದೆ. ನಮ್ಮ ಅವ್ವ ಹೋದದ್ದು ಇಂಥ ಐದು ದಿನಗಳಲ್ಲೇ. ನಾನು ಬಾಯಿ ತೆರೆದ ಕೂಡಲೇ ಅಕ್ಕ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದ್ದಳು. ಅವ್ವನನ್ನು ಹೊತ್ತು ಬೀದಿ ದಾಟಿಸುವ ತನಕ ಆ ಕೈ ತೆಗೆಯಲಿಲ್ಲ. ಹಿಂದಿನ ದಿನ ಅವ್ವನ ಜೊತೆ ಹೋಗಿ ಕಳೆ ಕಿತ್ತ ಹಸಿರು ವಾಸನೆ ಆ ಕೈಗಿತ್ತು.

ಇಷ್ಟೆಲ್ಲ ಗೊತ್ತಿದ್ದವಳಿಗೆ ಆ ಮೂರು ಸೊನ್ನೆಗಳ ಎದುರು ಯಾಕೆ ನೆನಪಾಗಲಿಲ್ಲ? ಎಷ್ಟೋ ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ನೆನಪಿರಲಿಲ್ಲ ಎಂದರೆ ಸುಳ್ಳು. ಅದು ಹಳ್ಳಿಯವರು ಹಳ್ಳಿಯವರ ನಡುವೆ ಪಾಲಿಸುವ ಕಟ್ಟಳೆ, ಬಿಳಿ ಸೀರೆಯ ಸಿಸ್ಟರಿಗೆ ಜನ ಖರೆ ಹೇಳೇ ಹೇಳುತ್ತಾರೆ ಎಂದು ನಂಬಿದ್ದೆ. ನಾನು ಇನ್ನು ಅವರವಳಲ್ಲ ಅನ್ನುವ ಹೆಮ್ಮೆ ಅದು. ಹೆಮ್ಮೆಗೆ ಕಿವಿ ಕೇಳುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಶಾಲೆಯಲ್ಲಿ ಸಭೆ. ಅಜ್ಜಿಯ ಮೊರ ಇಟ್ಟು ಬಂದ ಗಡಿಯಾಚೆಯ ಊರಿನಲ್ಲಿ ವಾಂತಿಭೇದಿ ಶುರುವಾಗಿತ್ತು. ಇದ್ದದ್ದು ಒಂದು ಜೀಪು, ಒಂದು ಪೆಟ್ಟಿಗೆ ಸಲೈನ್, ಒಬ್ಬ ಡಾಕ್ಟರು, ಒಬ್ಬಳು ನಾನು. ಕ್ಯಾಂಪ್ ಎತ್ತಬೇಕೋ ಇರಬೇಕೋ ಎಂಬುದೇ ಪ್ರಶ್ನೆ. ನಮ್ಮ ಕಂಪೌಂಡರು ವಯಸ್ಸಾದವರು, ಹರಪನಹಳ್ಳಿಯಲ್ಲೂ ಕೂಡ್ಲಿಗಿಯಲ್ಲೂ ಇಂಥ ಬೇನೆಗಳನ್ನು ನೋಡಿದವರು. ಅವರು ಗೋಡೆಯ ಗೆರೆ ನೋಡಿ ತಲೆ ಅಲ್ಲಾಡಿಸಿದರು.

‘ಹಿಂಗ ಒಮ್ಮಿಗೇ ಸೊನ್ನಿ ಆಗಂಗಿಲ್ಲವ್ವ. ಮಳಿ ನಿಂತ್ರೂ ಮರದ ಹನಿ ನಿಲ್ಲಂಗಿಲ್ಲ. ಐದು ಇದ್ದದ್ದು ಮೂರಾಗಬೇಕು, ಒಂದಾಗಬೇಕು, ಆಮ್ಯಾಲೆ ನಿಲ್ಲಬೇಕು. ನಾಕು ದಿನ ತಡೀರಿ.’

‘ಆಚೆ ಊರಾಗ ಸಾಯಾಕ ಹತ್ಯಾರ, ಇಲ್ಲಿ ಮರದ ಹನಿ ಎಣಿಸಿಗೋತ ಕುಂದ್ರಬೇಕೇನ್ರಿ?’ ಅಂದೆ. ಎಲ್ಲರ ಎದುರಿಗೆ, ತಂದೆಯ ವಯಸ್ಸಿನವರಿಗೆ.

ಡಾಕ್ಟರು ನನ್ನ ಕಡೆ ತಿರುಗಿದರು. ‘ಸಿಸ್ಟರ್, ಇದು ನಿಮ್ಮ ಅಕ್ಕನ ಊರು. ನೀವು ಹೇಳಿ. ಹೊರಡಬಹುದಾ?’

ಅಕ್ಕನ ಊರು ಎಂದೇ ಇನ್ನಷ್ಟು ಬಿಗಿಯಾದೆ. ಸ್ವಂತದವರಿಗಾಗಿ ಬಾಟಲಿ ಹಿಡಿದಿಟ್ಟಳು ಎಂಬ ಮಾತು ಬರಬಾರದಿತ್ತು. ಹಾಳೆಯನ್ನು ಬೆರಳಿಂದ ತೋರಿಸಿ, ‘ಮೂರು ದಿನದಿಂದ ಸೊನ್ನೆ ಇದೆ ಸರ್. ಹೊರಡಬಹುದು,’ ಅಂದೆ.

ಪೆಟ್ಟಿಗೆ ಜೀಪಿಗೆ ಏರಿಸುವಷ್ಟರಲ್ಲಿ ಅಕ್ಕನಿಗೆ ಹೇಳಿ ಬರಲು ಓಡಿದೆ. ಮೂರು ಮೂರೂವರೆಯ ಹೊತ್ತು. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

‘ಒಳಗ ಬರಬ್ಯಾಡಲೇ. ಈಗ ಸಾರಿಸೀನಿ, ನೆಲ ಹಸಿ ಐತಿ.’

‘ನಿಮ್ಮತ್ತಿ ಎಲ್ಲಿ?’

‘ಮಲಗ್ಯಾಳ.’ ನನ್ನ ಸೆರಗು ಸರಿಮಾಡಿದಳು. ‘ಬಾಟ್ಲಿ ಎಲ್ಲಾ ಒಯ್ತೀರೇನು?’

‘ಮತ್ತ? ಪೆಟಿಗಿ ಜೀಪಿನಾಗ ಇಡಾಕ ಹತ್ಯಾರ.’

‘ಒಂದೆರಡು ಇಲ್ಲೇ ಇಟ್ಟು ಹೋಗ್ರಲ್ಲ. ನೀನೂ ಇವತ್ತೊಂದಿನ ಇಲ್ಲೇ ಇರು.’

‘ಯಾಕ, ಯಾರಿಗರ ಆರಾಮಿಲ್ಲೇನು?’

ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕುಳಿತಿದ್ದರು. ಅವರ ಮಾತು ನಿಂತಿತು. ಅಕ್ಕ ಅವರ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

‘ಇಲ್ಲವ್ವ. ಎಲ್ಲಾ ಚೊಲೊ ಅದೀವಿ.’

‘ಚೊಲೊ ಇದ್ದೋರಿಗೆ ಬಾಟ್ಲಿ ಯಾತಕ್ಕ ಬೇಕು? ಉಪ್ಪಿನಕಾಯಿ ಹಾಕಾಕೇನು?’ ಅಂದು ನಕ್ಕೆ. ನನ್ನ ಎಂಥ ಚೇಷ್ಟೆಗೂ ನಗುತ್ತಿದ್ದ ಅಕ್ಕ ಅಂದು ನಗಲಿಲ್ಲ. ಜೀಪಿನ ಹಾರ್ನು ಕೇಳಿಸಿತು, ನಾನು ಓಡಿದೆ.

ಮಧ್ಯಾಹ್ನದ ಮೂರಕ್ಕೆ ಯಾರು ನೆಲ ಸಾರಿಸುತ್ತಾರೆ? ನಮ್ಮ ಮನೆಗಳಲ್ಲಿ ಅದು ನಸುಕಿನ ಕೆಲಸ. ಒಳಗೆ ಅವಳ ಅತ್ತೆ ಮಲಗಿರಲಿಲ್ಲ, ಬಿದ್ದಿದ್ದಳು. ಬಾಯಿಬಿಟ್ಟು ಹೇಳದೆ ಎಷ್ಟು ಕೇಳಲು ಸಾಧ್ಯವೋ ಅಷ್ಟನ್ನೂ ಅಕ್ಕ ಕೇಳಿದ್ದಳು. ತಂಗಿ ಓದಿದವಳು, ತಿಳಿದುಕೊಳ್ಳುತ್ತಾಳೆ ಅಂದುಕೊಂಡಿದ್ದಿರಬೇಕು.

ಆಚೆಯ ಊರಿನಲ್ಲಿ ಮೈಮೇಲೆ ಎಚ್ಚರವಿಲ್ಲದಷ್ಟು ಕೆಲಸ. ಮೂರನೆಯ ಬೆಳಿಗ್ಗೆ ಗಡಿಯಲ್ಲಿ ಜಗಳ ಆಗುತ್ತಿದೆ, ಅಕ್ಕನ ಊರಿನ ಕಡೆಯಿಂದ ಬಂದ ಬಂಡಿಯೊಂದನ್ನು ಒಳಗೆ ಬಿಡುತ್ತಿಲ್ಲ ಎಂದು ಯಾರೋ ಹೇಳಿದರು. ಬಂಡಿಯಲ್ಲಿ ಹೆಣ್ಣುಮಗಳು ಮಲಗಿದ್ದಾಳೆ, ಸಿಸ್ಟರಮ್ಮನ್ನ ಕರೀರಿ ಅಂತ ಗಂಡ ಕೈಮುಗಿಯುತ್ತಿದ್ದಾನೆ ಅಂದರು. ಎರಡು ಬಾಟಲಿ ಹಿಡಿದುಕೊಂಡು ಓಡಿದೆ. ಆ ಎರಡು ಫರ್ಲಾಂಗನ್ನು ನನ್ನ ಕಾಲು ಇನ್ನೂ ಮರೆತಿಲ್ಲ.

ಗಡಿಯ ಬೇವಿನ ಮರದ ಕೆಳಗೆ ಬಂಡಿ ನಿಂತಿತ್ತು. ಮರದ ಬುಡದಲ್ಲಿ ಅಜ್ಜಿಯ ಮೊರ, ಒಣಗಿದ ಸೊಪ್ಪು, ಇರುವೆ ಮುತ್ತಿದ ಹೋಳಿಗೆ. ಏಳೆಂಟು ಗಂಡಸರು ಬಡಿಗೆ ಹಿಡಿದು ದಾರಿಗೆ ಅಡ್ಡ ನಿಂತಿದ್ದರು. ‘ನಮ್ಮ ಗಡಿಗೆ ಅಜ್ಜೀನ ತಂದು ಹಾಕಿದ್ದು ಸಾಲಲಿಲ್ಲೇನು, ಈಗ ಬ್ಯಾನಿಯೋರನ್ನೂ ತಂದು ಹಾಕ್ತೀರಿ?’ ಎಂದು ಅವರಲ್ಲೊಬ್ಬ ಭಾವನನ್ನು ಕೇಳುತ್ತಿದ್ದ. ಅವನ ಮನೆಯಲ್ಲೂ ಇಬ್ಬರು ಹೋಗಿದ್ದರು, ನನಗೆ ಗೊತ್ತಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಅಕ್ಕ ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದಳು. ಕಣ್ಣು ಗುಳಿಬಿದ್ದು, ಬೆರಳ ತುದಿಗಳು ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು. ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅದು ನನ್ನ ಜೀವನದಲ್ಲಿ ನಾನು ಮಾಡಿದ ಇನ್ನೊಂದು ಪಾಪ.

‘ಯಾವಾಗಿಂದ?’ ಅಂದೆ.

‘ನಿನ್ನಿ ಮಧ್ಯಾಹ್ನದಿಂದ,’ ಅಂದ ಭಾವ. ‘ಐದು ದಿನ ನಿನ್ನಿ ರಾತ್ರಿಗೆ ಮುಗದ್ವು, ತಂಗಿ. ನಸಿಕಿನಾಗ ಬಂಡಿ ಹೂಡೀನಿ.’ ಆಮೇಲೆ, ತಡೆದಿದ್ದೆಲ್ಲ ಒಮ್ಮೆಗೇ ಬಿಟ್ಟವನಂತೆ ಹೇಳತೊಡಗಿದ. ಅವನ ತಾಯಿ ಹೋಗಿ ಮೂರು ದಿನವಾಗಿತ್ತು, ನಮ್ಮ ಜೀಪು ಹೊರಟ ಸಂಜೆಯೇ. ತಳವಾರನ ಹೆಂಡತಿ ಮೊದಲನೆಯ ಸೊನ್ನೆಯ ದಿನ ನಸುಕಿಗೇ ಹೋಗಿದ್ದಳು. ಹೆಂಡತಿಯನ್ನು ಮಣ್ಣು ಮಾಡಿ ಬಂದು ಅವನು ನನ್ನ ಎದುರು ‘ಎಲ್ಲಾ ಚೊಲೊ ಐತಿ’ ಅಂದಿದ್ದ. ಎದುರು ಮನೆಯ ಕೂಸು. ಬಾವಿಯ ಓಣಿಯಲ್ಲಿ ಅಣ್ಣ ತಮ್ಮ ಇಬ್ಬರೂ. ಭಾವ ಹೇಳುತ್ತಲೇ ಇದ್ದ, ನಾನು ನರ ಹುಡುಕುತ್ತಿದ್ದೆ.

ನೀರೆಲ್ಲ ಹೋದ ಮೈಯಲ್ಲಿ ನರ ಸಿಗುವುದಿಲ್ಲ. ಎಡಗೈ ನೋಡಿದೆ, ಬಲಗೈ ನೋಡಿದೆ, ಪಾದ ನೋಡಿದೆ. ಬಾಟಲಿಯನ್ನು ಭಾವ ಎತ್ತಿ ಹಿಡಿದು ನಿಂತಿದ್ದ. ಸೂಜಿ ಚುಚ್ಚಿ ಚುಚ್ಚಿ ತೆಗೆದೆ. ಯಾರನ್ನಾದರೂ ಕೂಗಬೇಕೆನಿಸಿತು, ದೇವರನ್ನೋ ಡಾಕ್ಟರನ್ನೋ, ಕೂಗಿದರೆ ಸೂಜಿ ಜಾರುತ್ತದೆಂದು ಹಲ್ಲು ಕಚ್ಚಿಕೊಂಡೆ. ಕೊನೆಗೆ ಮೊಣಕೈಯ ಮಡಿಕೆಯಲ್ಲಿ ಸಿಕ್ಕಿತು. ಹನಿ ಬೀಳತೊಡಗಿತು. ‘ಅಕ್ಕಾ, ಸಿಕ್ತು ನೋಡು, ಸಿಕ್ತು,’ ಅಂದೆ. ಅಳು ಒತ್ತಿ ಬಂತು, ನನ್ನ ಬಾಯಿ ತೆರೆಯಿತು.

ಅಕ್ಕನಿಗೆ ದನಿ ಉಳಿದಿರಲಿಲ್ಲ. ಅವಳ ಇನ್ನೊಂದು ಕೈ ಹುಲ್ಲಿನಿಂದ ಎದ್ದು ನನ್ನ ಬಾಯಿಯ ತನಕ ಬಂತು. ತಣ್ಣಗಿನ ಕೈ. ಅಲ್ಲೇ ಒಂದಿಷ್ಟು ಹೊತ್ತು ಇತ್ತು, ಆಮೇಲೆ ಜಾರಿತು. ಬಾಟಲಿಯಲ್ಲಿ ಮುಕ್ಕಾಲು ಪಾಲು ಉಳಿದಿತ್ತು.

ಸಂಜೆ ಪಟ್ಟಿ ಬರೆಯುವಾಗ ಅಕ್ಕನನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆ ಎದ್ದಿತು. ಈ ಊರಿನ ತಳವಾರ, ‘ನಮ್ಮೂರಾಕಿ ಅಲ್ಲ, ನಮ್ಮ ಗಡಿ ಒಳಗ ಬಂದೂ ಇಲ್ಲ,’ ಅಂದ. ಅಕ್ಕನ ಊರಿನವನನ್ನು ಕೇಳಿದರೆ, ‘ನಮ್ಮೂರಾಗ ಸತ್ತಿಲ್ಲವ್ವ,’ ಅಂದ. ಹೆಂಡತಿಯನ್ನೇ ಬರೆಸದವನು, ಅಕ್ಕನನ್ನು ಏನು ಬರೆಸುತ್ತಾನೆ. ಆ ಐದು ದಿನಗಳಲ್ಲಿ ಹೋದವರನ್ನೆಲ್ಲ ಸೇರಿಸಿ ಹಳೆಯ ಪಟ್ಟಿ ತಿದ್ದಬೇಕೆಂದು ನಾನು ಡಾಕ್ಟರ ಎದುರು ಹಟ ಹಿಡಿದೆ, ಅತ್ತೆ, ಬೈದೆ. ಅವರು ತಲೆ ತಗ್ಗಿಸಿ ಕುಳಿತಿದ್ದರು. ‘ವರದಿ ಜಿಲ್ಲೆ ದಾಟಿ ಹೋಗಿದೆ, ಸಿಸ್ಟರ್. ಈಗ ತಿದ್ದಿದರೆ ನಾವು ಕ್ಯಾಂಪ್ ಬಿಟ್ಟು ಬಂದದ್ದು ಯಾಕೆ ಅಂತ ಕೇಳ್ತಾರೆ. ಹೊರಡಬಹುದು ಅಂದವರು ಯಾರು ಅಂತಲೂ ಕೇಳ್ತಾರೆ,’ ಅಂದರು. ಅವರು ಹೆದರಿಸಲಿಲ್ಲ. ಇದ್ದದ್ದನ್ನು ಹೇಳಿದರು. ನಾನು ಪೆನ್ನು ಕೆಳಗಿಟ್ಟೆ. ಆ ಪೆನ್ನನ್ನು ಕೆಳಗಿಟ್ಟವಳು ನಾನೇ, ಬೇರೆ ಯಾರೂ ಕಿತ್ತುಕೊಳ್ಳಲಿಲ್ಲ. ಕಂಪೌಂಡರು ಬಂದು ನನ್ನ ತಲೆಯ ಮೇಲೆ ಕೈ ಇಟ್ಟು ನಿಂತರು. ‘ನಾ ಹೇಳಿದ್ದೆ’ ಅಂತ ಅವರು ಒಮ್ಮೆಯೂ ಅನ್ನಲಿಲ್ಲ, ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ಮಳೆಗಾಲಕ್ಕೆ ಮುಂಚೆ ಬಳ್ಳಾರಿಯಲ್ಲಿ ನಮ್ಮಂಥವರಿಗೆಲ್ಲ ಒಂದು ದಿನದ ಸಭೆ ಕರೆದಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರೊಬ್ಬರು ಒಂದು ಹಾಳೆ ಬಿಡಿಸಿ ಗೋಡೆಗೆ ಅಂಟಿಸಿದರು. ನನ್ನ ಚೌಕಳಿ ಹಾಳೆ. ಕೆಂಪು ಗೆರೆ ಎರಡು, ನಾಲ್ಕು, ಐದು ಏರಿ ಒಮ್ಮೆಗೇ ತಳ ಮುಟ್ಟಿತ್ತು. ಒಂದು ಬಾವಿಗೆ ಹೊತ್ತಿಗೆ ಸರಿಯಾಗಿ ಪುಡಿ ಹಾಕಿದರೆ ಏನಾಗುತ್ತದೆ ನೋಡಿ ಎಂದು ಕೋಲಿನಿಂದ ಸೊನ್ನೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. ಸಭೆ ಚಪ್ಪಾಳೆ ಹೊಡೆಯಿತು. ಇದನ್ನು ಬರೆದ ಸಿಸ್ಟರ್ ಇಲ್ಲೇ ಇದ್ದಾರಂತೆ, ಏಳಿ ಎಂದರು.

ಎದ್ದು ನಿಂತೆ. ಇಡೀ ವರ್ಷ ಈ ಗಳಿಗೆಗೇ ಮಾತು ಜೋಡಿಸಿಟ್ಟುಕೊಂಡಿದ್ದೆ. ತಳವಾರನ ಹೆಂಡತಿ, ಎದುರು ಮನೆಯ ಕೂಸು, ಅಣ್ಣ ತಮ್ಮ, ಅತ್ತೆ, ಕೊನೆಗೆ ಅಕ್ಕ, ಎಲ್ಲರೂ ಸಾಲಾಗಿ ನಾಲಗೆಯ ಮೇಲೆ ಇದ್ದರು. ಸಭೆಯ ತುಂಬ ಬಿಳಿ ಸೀರೆಗಳು ನನ್ನ ಕಡೆಗೇ ತಿರುಗಿದ್ದವು.

‘ಈಗ ಆ ಊರು ಹೇಗಿದೆಯಮ್ಮಾ?’ ಎಂದು ಸಾಹೇಬರು ಕೇಳಿದರು.

‘ಎಲ್ಲಾ ಚೊಲೊ ಐತ್ರಿ,’ ಅಂದೆ.